ಊರಿಗೊಪ್ಪುವ ಕಟ್ಟಡ

ಕನ್ನಡದಲ್ಲಿ ‘ಒಪ್ಪು’ ಎಂಬುದೊಂದು ಹಳೆಯ ಮಾತು. ಹಳಗನ್ನಡ ಕಾವ್ಯಗಳಿಂದ ಮೊದಲುಗೊಂಡು ಸಂತೆಯಲ್ಲಿ ಸೀರೆ ಆರಿಸುವ ಹೆಣ್ಣುಮಕ್ಕಳ ಮಾತಿನವರೆಗೆ ಅದು ಬಳಕೆಯಲ್ಲಿ ಉಳಿದು ಬಂದಿದೆ. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿದರೆ, ಈ ಒಂದೇ ಧಾತುವಿಗೆ ತಕ್ಕುದಾಗು, ಚೆಲುವಾಗಿ ಕಾಣು, ಸಮ್ಮತಿಸು ಎಂಬ ಅರ್ಥಗಳು ಜೊತೆಜೊತೆಯಾಗಿ ನಿಂತಿರುವುದು ತಿಳಿಯುತ್ತದೆ. ಯಾವುದು ತಾನಿರುವ ಎಡೆಗೆ ತಕ್ಕುದೋ ಅದು ಚೆಲುವಾದುದು. ಯಾವುದು ತಕ್ಕುದೂ ಚೆಲುವೂ ಆಗಿದೆಯೋ ಅದಕ್ಕೆ ಜನರ ಸಮ್ಮತಿ ಉಂಟು. ನಮ್ಮ ಹಿರಿಯರು ಈ ಮೂರನ್ನೂ ದೂರದೂರದ ಸಂಗತಿಗಳೆಂದು ಎಣಿಸಿದ್ದರೆ ಮೂರಕ್ಕೂ ಒಂದೇ ಮಾತನ್ನು ಬಳಸುತ್ತಿರಲಿಲ್ಲ.

ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ಕಟ್ಟಡಕ್ಕೆ ದಾರ್ಢ್ಯ, ಉಪಯೋಗ, ಸೌಂದರ್ಯ ಎಂಬ ಮೂರು ಗುಣಗಳು ಇರತಕ್ಕದ್ದೆಂದು ಬರೆದನು. ಪಾಶ್ಚಾತ್ಯರು ಶತಮಾನಗಳಿಂದ ಆ ಮಾತನ್ನು ಪಾಠವಾಗಿ ಹೇಳುತ್ತ ಬಂದಿದ್ದಾರೆ. ಅದು ಸರಿಯಾದ ಮಾತೇ. ಆದರೆ ಕನ್ನಡ ಹೇಳಿಕೊಡುವ ನನಗೆ ನಮ್ಮ ‘ಒಪ್ಪು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವಂತೆ ತೋರುತ್ತದೆ. ಏಕೆಂದರೆ ಅದರಲ್ಲಿ ಒಳಗೆ ಬಾಳುವವರ ಸಮ್ಮತಿಗೂ ಸ್ಥಾನವುಂಟು. ಕಟ್ಟಡದ ವಿಷಯದಲ್ಲಿ ಕನ್ನಡ ಅಧ್ಯಾಪಕನಿಗೆ ಏನು ಅಧಿಕಾರವೆಂದು ಯಾರಾದರೂ ಕೇಳಬಹುದು. ಕಟ್ಟಡದೊಳಗೆ ಬದುಕುವವರೆಲ್ಲರಿಗೂ ಆ ಅಧಿಕಾರವುಂಟೆಂಬುದೇ ನನ್ನ ಉತ್ತರ. ಅಡುಗೆ ಮಾಡಲು ಬಾರದವನೂ ಸಾರಿಗೆ ಉಪ್ಪು ಹೆಚ್ಚಾದುದನ್ನು ಹೇಳಬಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯು ಹುಟ್ಟಿತು. ಅದರ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿದ ಐದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ, ತಿರುಗಿ ಬಳ್ಳಾರಿಗೆ ಬಂದು, ಅಲ್ಲಿಂದ ಹೊಸ ಜಿಲ್ಲೆಗೆ ಸಂದ ಊರು. ಕೊಟ್ಟೂರು ಈಚೆಗೆ ತಾಲ್ಲೂಕಾದ ಊರು. ಹೊಸ ಜಿಲ್ಲೆ, ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿ, ಹೊಸ ಶಾಲೆ, ಹೊಸ ಆಸ್ಪತ್ರೆ, ಹೊಸ ಬಡಾವಣೆ ಎಂದೇ ಅರ್ಥ. ಊರು ತನ್ನ ಮೈಯನ್ನು ಹೀಗೆ ಒಮ್ಮೆಗೇ ಬೆಳೆಸಿಕೊಳ್ಳುವ ಕಾಲ ಮತ್ತೆ ಮತ್ತೆ ಬರುವಂಥದಲ್ಲ. ಈಗ ಎಬ್ಬಿಸಿದ ಗೋಡೆಗಳು ಇನ್ನು ಐವತ್ತು ಅರವತ್ತು ವರ್ಷ ನಿಲ್ಲತಕ್ಕವು. ಬರೆದ ಪದ್ಯ ಕೆಟ್ಟರೆ ಹರಿದು ಹಾಕಬಹುದು. ಕೆಟ್ಟ ಕಟ್ಟಡದೊಳಗೆ ಒಂದು ತಲೆಮಾರು ಬಾಳಲೇಬೇಕಾಗುತ್ತದೆ.

ನಮ್ಮ ಸೀಮೆಯ ಹಳೆಯ ಮನೆ ಎಂಥದು ಎಂಬುದನ್ನು ಮೊದಲು ನೆನೆಯೋಣ. ಅದು ಮಣ್ಣಿನ ಮಾಳಿಗೆಯ ಮನೆ. ಮೇಲ್ಮುದ್ದೆಯ ಮನೆಯೆಂದೂ ಕರೆಯುವುದುಂಟು. ಮೊಳಕ್ಕೂ ಮಿಗಿಲಾದ ದಪ್ಪದ ಕಲ್ಲುಮಣ್ಣಿನ ಗೋಡೆ, ಒಳಗೆ ಸಾಲುಗಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಗಳ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪುಸದೆ ಹಾಸಿ, ಅದರ ಮೇಲೆ ಮಣ್ಣಿನ ದಪ್ಪನಾದ ಹೊದಿಕೆ, ಎಲ್ಲಕ್ಕೂ ಮೇಲೆ ಮಳೆನೀರನ್ನು ಒಳಗೆ ಬಿಡದ ಚೌಳುಮಣ್ಣು. ನೀರು ಹರಿದುಹೋಗಲು ದೋಣಿ, ಬೆಳಕು ಇಳಿದುಬರಲು ಮಾಳಿಗೆಯಲ್ಲೇ ಬಿಟ್ಟ ಬೆಳಕಿಂಡಿ. ಮನೆಯ ಅಳತೆಯನ್ನು ಹೇಳುತ್ತಿದ್ದುದು ಅಂಕಣದ ಲೆಕ್ಕದಲ್ಲಿ; ಕಂಬದಿಂದ ಕಂಬಕ್ಕಿರುವ ಎಡೆಯೇ ಅಂಕಣ. ಬೀದಿಗೆ ಮುಖವಾಗಿ ಕಟ್ಟೆ, ಬಾಗಿಲು ದಾಟಿದರೆ ಪಡಸಾಲೆ, ಅದರಾಚೆ ಅಡುಗೆಮನೆ. ಉರಿಬಿಸಿಲಿನಲ್ಲಿ ಬಂದವನು ಕಟ್ಟೆಯ ಮೇಲೆ ಕುಳಿತು ಬೆವರಾರಿಸಿಕೊಂಡು, ಪಡಸಾಲೆಯಲ್ಲಿ ನೀರು ಕುಡಿದು, ಆಮೇಲೆ ಒಳಗೆ ಹೋಗುತ್ತಿದ್ದನು. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ತಂಪಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಏರ್ಪಾಡು ಅದು.

ಬೇಸಗೆಯಲ್ಲಿ ಉಷ್ಣಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ನಮ್ಮ ಕಡೆಗೆ ಹೊಸತಲ್ಲ. ದಪ್ಪ ಮಣ್ಣು ಈ ಕಾವನ್ನು ಪೂರ್ತಿ ತಡೆಯುವುದೆಂದು ತಿಳಿಯಬಾರದು. ಅದು ಕಾವನ್ನು ತಡಮಾಡಿಸುತ್ತದೆ. ಮಧ್ಯಾಹ್ನದ ಬಿಸಿ ಗೋಡೆ ಮಾಳಿಗೆಗಳೊಳಗೆ ಮೆಲ್ಲಮೆಲ್ಲನೆ ಇಳಿದು ಒಳಮೈಯನ್ನು ಮುಟ್ಟಲು ಎಂಟು ಹತ್ತು ಗಂಟೆಯೇ ಹಿಡಿಯಬಹುದು. ಅಷ್ಟರಲ್ಲಿ ರಾತ್ರಿಯಾಗಿ, ಹೊರಗೆ ಗಾಳಿ ತಣ್ಣಗಾಗಿ, ಮನೆಯವರು ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ಹಾಸಿಗೆ ಬಿಚ್ಚಿರುತ್ತಿದ್ದರು. ನಾಲ್ಕೈದು ಅಂಗುಲದ ಕಾಂಕ್ರೀಟಿನ ತಾರಸಿಯಲ್ಲಿಯಾದರೋ ಈ ಅವಧಿ ಮೂರು ನಾಲ್ಕು ಗಂಟೆ ಮಾತ್ರ. ನಡುಹಗಲಿನ ಕಾವು ಶಾಲೆ ಕಚೇರಿಗಳಲ್ಲಿ ಜನರು ಇನ್ನೂ ಕುಳಿತಿರುವಾಗಲೇ ಅವರ ತಲೆಯ ಮೇಲೆ ಸುರಿಯತೊಡಗುತ್ತದೆ, ರಾತ್ರಿ ಬಹಳ ಹೊತ್ತಿನವರೆಗೂ ಸುರಿಯುತ್ತಲೇ ಇರುತ್ತದೆ. ಹಳೆಯ ಮನೆಯ ತಂಪಿಗೆ ಮಂತ್ರವೇನೂ ಇರಲಿಲ್ಲ. ಕಾವು ಎಷ್ಟು ಹೊತ್ತಿಗೆ ಎಲ್ಲಿಗೆ ಬರಬೇಕೆಂಬ ಲೆಕ್ಕಾಚಾರವಿದ್ದಿತು, ಅಷ್ಟೆ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವವರ ಸಾಲಿಗೆ ನಾನು ಸೇರಿದವನಲ್ಲ. ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ವರ್ಷವರ್ಷವೂ ಮಣ್ಣು ಹಾಕಬೇಕು, ಹಾಕದಿದ್ದರೆ ಸೋರುತ್ತದೆ. ವರ್ಷ ವರ್ಷ ಹಾಕಿದ ಮಣ್ಣು ಭಾರವಾಗಿ ಜಂತೆ ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಹೊಡೆದ ಮಳೆಯಲ್ಲಿ ಇಂಥ ಮನೆಗಳು ಲೆಕ್ಕವಿಲ್ಲದಷ್ಟು ಬಿದ್ದುವು. ಬಿದ್ದ ಗೋಡೆಗಳ ಕೆಳಗೆ ಪ್ರಾಣಗಳೂ ಹೋದುವು. ಪಡಸಾಲೆಯ ಗಂಡಸರಿಗೆ ತಂಪಾಗಿದ್ದ ಮನೆಯಲ್ಲಿಯೇ ಅಡುಗೆಮನೆಯ ಹೆಂಗಸರು ಹೊಗೆ ಕುಡಿದು ಕಣ್ಣು ಕೆಡಿಸಿಕೊಂಡರು. ಎಲ್ಲರ ಕಟ್ಟೆಯೂ ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯುವುದು ಪ್ರಾಮಾಣಿಕತನವಲ್ಲ. ಕಾಂಕ್ರೀಟಿನ ಮನೆ ಕಟ್ಟಿಸಿಕೊಂಡ ಬಡವನು ಸೋರದ ಸೂರಿನ ಕೆಳಗೆ ಮೊದಲ ಬಾರಿ ನೆಮ್ಮದಿಯಾಗಿ ಮಲಗಿದನಾದರೆ ಅವನ ಸಂತೋಷವನ್ನು ಹಳಿಯಲು ನನಗಾಗಲಿ ಇನ್ನೊಬ್ಬರಿಗಾಗಲಿ ಹಕ್ಕಿಲ್ಲ. ಆದುದರಿಂದ ಮಣ್ಣಿನ ಮನೆಗೆ ಹಿಂದಿರುಗಿರೆಂಬುದು ನನ್ನ ವಾದವಲ್ಲ. ಹಳೆಯ ಮನೆ ಹೋಯಿತು, ಹೋಗಲಿ. ಆದರೆ ಅದರೊಳಗಿದ್ದ ವಿವೇಕವೂ ಅದರ ಮಣ್ಣಿನೊಡನೆ ತಿಪ್ಪೆಗೆ ಹೋಗಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಈಗ ನಮ್ಮ ಐದು ಊರುಗಳ ಪೇಟೆಬೀದಿಗಳನ್ನು ನೋಡಿ. ರಸ್ತೆಗೆ ಅಂಟಿಕೊಂಡು ಎದ್ದ ವಾಣಿಜ್ಯ ಮಳಿಗೆಗಳಿಗೆ ಗಾಜಿನ ಮುಖ. ಗಾಜಿಲ್ಲದೆಡೆ ಹೊಳೆಯುವ ಅಲ್ಯುಮಿನಿಯಂ ಹಲಗೆ. ಗಾಜು ಚಳಿಯ ದೇಶಗಳಲ್ಲಿ ಬಿಸಿಲನ್ನು ಒಳಗೆ ಕರೆತಂದು ಹಿಡಿದಿಡುವ ಉಪಕಾರಿ. ನಮ್ಮಲ್ಲಿಯೂ ಅದು ಅದೇ ಕೆಲಸವನ್ನು ನಿಷ್ಠೆಯಿಂದ ಮಾಡುತ್ತದೆ, ತಪ್ಪು ಗಾಜಿನದಲ್ಲ. ಪಡುವಣಕ್ಕೆ ಮುಖಮಾಡಿದ ಗಾಜಿನ ಹಿಂದೆ ಕುಳಿತ ವರ್ತಕನು ಇಳಿಹೊತ್ತಿನಲ್ಲಿ ಪರದೆ ಎಳೆದು, ದೀಪ ಹಚ್ಚಿ, ತಂಪಿನ ಯಂತ್ರ ಓಡಿಸುತ್ತಾನೆ. ಬೆಳಕಿಗಾಗಿ ಹಾಕಿಸಿದ ಗಾಜು ಹಗಲಿನಲ್ಲಿ ದೀಪ ಹಚ್ಚಿಸುವಂತಾಯಿತು! ಆ ಯಂತ್ರವು ಒಳಗಿನ ಬಿಸಿಯನ್ನು ಹೊತ್ತು ತಂದು ಬೀದಿಗೆ ಚೆಲ್ಲುತ್ತದೆ. ಬೀದಿಯಲ್ಲಿ ನಿಂತು ಹಣ್ಣು ಮಾರುವವಳು ಅದನ್ನು ಮೈಮೇಲೆ ತಾಳಿಕೊಳ್ಳುತ್ತಾಳೆ. ಒಬ್ಬನ ಸುಖಕ್ಕೆ ಇನ್ನೊಬ್ಬಳು ಬೆಲೆ ತೆರುವ ಕಟ್ಟಡವನ್ನು ಸುಂದರವೆನ್ನಲು ಮನಸ್ಸು ಒಪ್ಪುವುದಿಲ್ಲ.

ಈ ರೂಪ ನಮ್ಮಲ್ಲಿಗೆ ಹೇಗೆ ಬಂತೆಂಬುದನ್ನೂ ನೋಡಬೇಕು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಜನರು ಗುಳೆ ಹೋಗುತ್ತಾರೆ. ಬೆಂಗಳೂರಿನಂಥ ನಗರಗಳಲ್ಲಿ ಗಾರೆ ಕಲಸಿ, ಇಟ್ಟಿಗೆ ಹೊತ್ತು, ದೊಡ್ಡ ಸೌಧಗಳನ್ನು ಎಬ್ಬಿಸುತ್ತಾರೆ. ಅಲ್ಲಿ ಕಂಡುದೇ ಶ್ರೀಮಂತಿಕೆಯ ಗುರುತೆಂದು ಅವರಿಗೆ ತೋರುವುದು ಸಹಜ. ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಮೇಲಿರುವ ಊರು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ದೇಶವನ್ನು ಐದು ಹವಾಗುಣ ವಲಯಗಳಾಗಿ ವಿಂಗಡಿಸಿ ಬೆಂಗಳೂರನ್ನು ಸಮಶೀತೋಷ್ಣ ವಲಯದಲ್ಲಿರಿಸಿದೆ. ಅಲ್ಲಿಗೆ ಹೇಗೋ ಸಲ್ಲುವ ಕಟ್ಟಡ ನಮ್ಮ ಬಯಲಿನಲ್ಲಿ ಸಲ್ಲದು. ಸರ್ಕಾರವೂ ಈ ಅನುಕರಣೆಯಿಂದ ಹೊರತಾಗಿಲ್ಲ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಛಾಯೆಯಲ್ಲಿ ತಾಲ್ಲೂಕು ತಾಲ್ಲೂಕಿಗೂ ಮಿನಿ ವಿಧಾನಸೌಧಗಳು ಬಂದುವು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಆ ಸೌಧದ ಮುಂದಿನ ವಿಸ್ತಾರವಾದ ಮೆಟ್ಟಿಲು, ಎತ್ತರದ ಕಂಬಸಾಲು, ದಪ್ಪ ಕಲ್ಲುಗಳಿಗೆ ತಮ್ಮದೇ ಅರ್ಥವುಂಟು. ಚಿಕ್ಕ ಊರಿನ ಅನುಕರಣೆಯಲ್ಲಿ ಹೆಸರು ಉಳಿದು, ನೆರಳು ಕೊಡುವ ಕಂಬಸಾಲು ತಪ್ಪಿಹೋಗುವುದೇ ಹೆಚ್ಚು.

ಯಾವುದೇ ಕಚೇರಿಯ ಯೋಗ್ಯತೆಯನ್ನು ಅಧಿಕಾರಿಯ ಕೊಠಡಿಯಿಂದ ಅಳೆಯಬಾರದು. ಅದರ ಹೊರಗೆ ಕಾಯುವವರು ಎಲ್ಲಿ ನಿಲ್ಲುತ್ತಾರೆಂಬುದರಿಂದ ಅಳೆಯಬೇಕು. ಪಹಣಿಗೆಂದು ಬಂದ ರೈತ, ವೃದ್ಧಾಪ್ಯವೇತನಕ್ಕೆಂದು ಬಂದ ಮುದುಕಿ, ಜಾತಿ ಆದಾಯಗಳ ಪ್ರಮಾಣಪತ್ರಕ್ಕೆಂದು ಬಂದ ವಿದ್ಯಾರ್ಥಿ, ಇವರೇ ತಾಲ್ಲೂಕು ಕಚೇರಿಯ ನಿಜವಾದ ನಿವಾಸಿಗಳು. ನಕ್ಷೆಯಲ್ಲಿ ಇವರಿಗೆ ಸ್ಥಳವಿರುವುದಿಲ್ಲ. ಇವರಿಗೆ ಆಸರೆ ಕೊಡುವುದು ಯಾರೋ ಎಂದೋ ನೆಟ್ಟ ಬೇವಿನ ಮರ. ರಸ್ತೆ ಅಗಲವಾಗುವಾಗ ಮೊದಲು ಉರುಳುವುದೂ ಅದೇ.

ಹಳೆಯ ಕಟ್ಟೆಯ ಬೆಲೆ ಇಲ್ಲಿ ತಿಳಿಯುತ್ತದೆ. ಕೊಟ್ಟೂರು ಬಸವೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕಟ್ಟೆಯಿರುವ ಬೀದಿಯಲ್ಲಿ ದಣಿದವನು ಯಾರನ್ನೂ ಕೇಳದೆ ಕುಳಿತುಕೊಳ್ಳಬಹುದು. ಉಕ್ಕಿನ ಬಾಗಿಲನ್ನು ರಸ್ತೆಗೇ ತಂದು ನಿಲ್ಲಿಸಿದ ಬೀದಿಯಲ್ಲಿ ಅವನು ನಿಲ್ಲಬೇಕು, ಇಲ್ಲವೆ ಮುಂದೆ ನಡೆಯಬೇಕು. ಮನೆಯು ತನ್ನ ಮೈಯಲ್ಲಿ ಎರಡು ಮೊಳವನ್ನು ಊರಿಗೆ ಬಿಟ್ಟುಕೊಡುವುದೇ ಕಟ್ಟೆಯ ಧರ್ಮ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡುಗೆಯ ಸ್ಥಳವೂ ಸೇರಿ ಗೊತ್ತುಪಡಿಸಿರುವ ಕನಿಷ್ಠ ಅಳತೆ 25 ಚದರ ಮೀಟರು. ಅಷ್ಟು ಚಿಕ್ಕ ಮನೆಗೆ ಕಟ್ಟೆಯೂ ನೆರಳೂ ಅನಗತ್ಯವಾದ ಅಲಂಕಾರಗಳಲ್ಲ. ಒಳಗೆ ಎಡೆ ಸಾಲದವರಿಗೇ ಹೊರಗಿನ ಎಡೆ ಹೆಚ್ಚು ಬೇಕು.

ನಾನು ಪಾಠ ಹೇಳಿದ ಕೊಠಡಿಗಳಲ್ಲೊಂದರ ವಿಷಯವನ್ನು ಹೇಳುತ್ತೇನೆ. ಮೇಲಂತಸ್ತಿನ ಕೊಠಡಿ, ತಲೆಯ ಮೇಲೆ ಬರಿಯ ತಾರಸಿ, ಕಿಟಕಿಗಳೆಲ್ಲ ಪಡುವಣಕ್ಕೆ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ನೇರವಾಗಿ ಕಪ್ಪುಹಲಗೆಯ ಮೇಲೆ ಬಿದ್ದು ಬರೆದುದೊಂದೂ ಕಾಣದು. ಕಿಟಕಿ ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಹಲಗೆಯಿಲ್ಲ. ಬೀಸಣಿಗೆ ಓಡಿದರೆ ಅದರ ಸದ್ದಿನಲ್ಲಿ ನನ್ನ ಧ್ವನಿ ಹಿಂದಿನ ಸಾಲಿಗೆ ಮುಟ್ಟದು. ವಿದ್ಯುತ್ತು ಹೋದರೆ ಕೊಠಡಿಯೇ ಒಲೆ. ಹಿಂದಿನ ಸಾಲಿನಲ್ಲಿ ಕುಳಿತವರೋ ಬೆಳಗ್ಗೆ ನಸುಕಿನಲ್ಲೆದ್ದು ಹಳ್ಳಿಯಿಂದ ಬಸ್ಸು ಹಿಡಿದು ಬಂದ ಹುಡುಗ ಹುಡುಗಿಯರು. ಅವರ ಕಣ್ಣು ಮುಚ್ಚಿಕೊಂಡರೆ ಅದನ್ನು ಆಲಸ್ಯವೆಂದು ಬರೆದುಕೊಳ್ಳುತ್ತೇವೆ. ಅದೇ ಕಟ್ಟಡವನ್ನು ಕಾಲು ಸುತ್ತು ತಿರುಗಿಸಿ ಕಟ್ಟಿದ್ದರೆ ಕಿಟಕಿಗಳು ಉತ್ತರ ದಕ್ಷಿಣಕ್ಕೆ ಬಂದು, ಒಂದು ರೂಪಾಯಿಯೂ ಹೆಚ್ಚು ಖರ್ಚಾಗದೆ ಈ ಸಂಕಟದ ಅರ್ಧಪಾಲು ತಪ್ಪುತ್ತಿತ್ತು. ಪಟ್ಟಣದಲ್ಲಿ ತಂಪು ಕೊಠಡಿಯಲ್ಲಿ ಓದಿದವನೊಡನೆ ಈ ಮಕ್ಕಳು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಬೇಕೆಂಬುದನ್ನು ನೆನೆದಾಗ ಕಟ್ಟಡದ ನಕ್ಷೆಯು ಸೌಂದರ್ಯದ ಪ್ರಶ್ನೆ ಮಾತ್ರವಲ್ಲ, ನ್ಯಾಯದ ಪ್ರಶ್ನೆಯೂ ಆಗುತ್ತದೆ.

ಸೌಂದರ್ಯವೂ ಉಪಯೋಗವೂ ಒಂದೇ ಕಲ್ಲಿನಲ್ಲಿ ಮೂಡುವುದನ್ನು ಕಾಣಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಹತ್ತನೆಯ ಶತಮಾನದ ಕಲ್ಲೇಶ್ವರ ದೇಗುಲವಿದೆ. ಹಿರೇಹಡಗಲಿಯ ಕಲ್ಲೇಶ್ವರವನ್ನು ಚಾಲುಕ್ಯ ಸೋಮೇಶ್ವರನ ಮಂತ್ರಿ ದೇಮರಸನು ಕಟ್ಟಿಸಿದುದಾಗಿ 1057ರ ಶಾಸನದಿಂದ ತಿಳಿಯುತ್ತದೆ. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಮಲ್ಲಿಕಾರ್ಜುನನ ಗುಡಿಯಿದೆ. ಇಂಥ ಚಾಲುಕ್ಯ ದೇಗುಲಗಳ ಶಿಲ್ಪವನ್ನು ಹೊಗಳುವಾಗ ನಾವು ಮದನಿಕೆಯರ ಮುಂದೆ ನಿಂತುಬಿಡುತ್ತೇವೆ. ಆ ಕಾಲದ ತೆರೆದ ಮಂಟಪದ ರಚನೆಯನ್ನೂ ಒಮ್ಮೆ ಗಮನಿಸಬೇಕು. ಮಂಟಪದ ಅಂಚಿನಲ್ಲಿ ಒರಗಿ ಕುಳಿತುಕೊಳ್ಳಲು ಇಳಿಜಾರಾದ ಕಕ್ಷಾಸನ. ಬಿಸಿಲು ಮಳೆಗಳು ಕುಳಿತವರನ್ನು ಮುಟ್ಟದಂತೆ ಮುಂದಕ್ಕೆ ಚಾಚಿದ ಲೋವೆ. ಗಾಳಿ ಹಾಯಲು ಕಂಬಗಳ ನಡುವೆ ಬಯಲು. ಲೋವೆಯ ನೆರಳು ಬಿದ್ದೇ ಕಂಬದ ತಿರುವುಗಳು ಕಣ್ಣಿಗೆ ಅಷ್ಟು ಸೊಗಸಾಗಿ ಕಾಣುತ್ತವೆ. ನೆರಳಿಗಾಗಿ ಮಾಡಿದುದು ಚೆಲುವಾಯಿತೋ, ಚೆಲುವಿಗಾಗಿ ಮಾಡಿದುದು ನೆರಳಾಯಿತೋ ಎಂದು ಬಿಡಿಸಿ ಹೇಳಲಾಗದು. ಭಕ್ತನು ಕುಳಿತುಕೊಳ್ಳಬೇಕೆಂಬುದನ್ನು ಸಾವಿರ ವರ್ಷಗಳ ಹಿಂದಿನ ಓಜನು ಮರೆಯಲಿಲ್ಲ. ಪ್ರಜೆಯು ಕುಳಿತುಕೊಳ್ಳಬೇಕೆಂಬುದನ್ನು ನಾವು ಮರೆತಿದ್ದೇವೆ.

ಈ ಚಿಂತೆ ನಮ್ಮೊಬ್ಬರದೇ ಅಲ್ಲ. ಈಜಿಪ್ಟಿನ ಹಸನ್ ಫಾತಿ ಎಂಬ ವಾಸ್ತುಶಿಲ್ಪಿಯು 1940ರ ದಶಕದಲ್ಲಿ ಲಕ್ಸರಿನ ಬಳಿ ಹೊಸ ಗುರ್ನಾ ಎಂಬ ಹಳ್ಳಿಯನ್ನು ಹಸಿಯಿಟ್ಟಿಗೆಯಿಂದಲೇ ಕಟ್ಟತೊಡಗಿದನು. ಮರದ ಆಸರೆಯಿಲ್ಲದೆ ಕಮಾನು ಕಟ್ಟುವ ನೂಬಿಯಾದ ಕುಶಲಿಗರ ಹಳೆಯ ವಿದ್ಯೆಯನ್ನು ಅವನು ಮತ್ತೆ ಬೆಳಕಿಗೆ ತಂದನು. ಕಟ್ಟಡಗಳು ತಂಪಾಗಿದ್ದುವು, ಸುಂದರವಾಗಿದ್ದುವು, ಅಗ್ಗವೂ ಆಗಿದ್ದುವು. ಆದರೆ ಹಳೆಯ ಗುರ್ನಾದ ಜನರು ತಮ್ಮ ಊರು ಬಿಟ್ಟು ಅಲ್ಲಿಗೆ ಬರಲು ಒಪ್ಪಲಿಲ್ಲ, ಹಳ್ಳಿ ಪೂರ್ಣವಾಗಲಿಲ್ಲ. ಒಪ್ಪಿಗೆಯಿಲ್ಲದ ಒಪ್ಪು ಅರ್ಧ ಒಪ್ಪೇ ಸರಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ತಜ್ಞನು ಎಷ್ಟೇ ಬಲ್ಲವನಾಗಲಿ, ಒಳಗೆ ಬಾಳುವವರನ್ನು ಕೇಳದೆ ಕಟ್ಟಬಾರದು.

ಹಳ್ಳಿಯ ಮನೆಗಳು ಗಾಳಿ ಬೆಳಕುಗಳಿಂದ ಕೂಡಿ, ಐದು ಮೈಲಿಯ ಸುತ್ತಳತೆಯಲ್ಲಿ ದೊರೆಯುವ ಸಾಮಗ್ರಿಯಿಂದ ಕಟ್ಟಿದವಾಗಿರಬೇಕೆಂದು ಗಾಂಧೀಜಿಯವರು 1937ರಲ್ಲಿ ಬರೆದಿದ್ದರು. ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿರುವ ಕೂಡ್ಲಿಗಿಯಲ್ಲಾದರೂ ಈ ಮಾತನ್ನು ನೆನೆಯುವುದು ಉಚಿತ. ಅದನ್ನು ಬಾಳಿನುದ್ದಕ್ಕೂ ನಡೆಸಿ ತೋರಿದವರು ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರರು. ಗೋಡೆಯೊಳಗೆ ಟೊಳ್ಳು ಬಿಟ್ಟು ಇಟ್ಟಿಗೆ ಜೋಡಿಸುವುದು, ಕಿಟಕಿಯ ಬದಲು ಇಟ್ಟಿಗೆಯ ಜಾಲರಿ, ತಾರಸಿಯ ಕೆಳಭಾಗದಲ್ಲಿ ಹಂಚುಗಳನ್ನು ಹುದುಗಿಸಿ ಕಾಂಕ್ರೀಟನ್ನೂ ಕಾವನ್ನೂ ಉಳಿಸುವುದು, ಇವೆಲ್ಲ ಅವರು ಬಳಕೆಗೆ ತಂದ ಉಪಾಯಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆದ ಸುಡದ ಇಟ್ಟಿಗೆಗಳನ್ನು ರೂಢಿಗೆ ತಂದಿತು. ಮಣ್ಣಿನ ತಂಪೂ ಬೇಕು, ಮಳೆಗೆ ಕುಸಿಯಲೂ ಕೂಡದು ಎಂಬ ನಮ್ಮ ಎರಡು ಬಯಕೆಗಳಿಗೂ ಇವು ಉತ್ತರ ಕೊಡಬಲ್ಲುವು. ವಿದ್ಯೆಯೂ ಇದೆ, ಸಾಮಗ್ರಿಯೂ ಇದೆ. ಇಲ್ಲದಿರುವುದು ಕೇಳುವ ಮನಸ್ಸು ಮಾತ್ರ.

ಹಣದ ಅಭಾವವನ್ನು ಮುಂದೊಡ್ಡುವವರಿಗೆ ಒಂದು ಮಾತು. ಕಟ್ಟಡವನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂಬುದಕ್ಕೆ ಹಣ ಬೇಡ, ವಿಚಾರ ಬೇಕು. ತಾರಸಿಗೆ ಬಿಳಿಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಿರುಗಿ ಹೋಗುತ್ತದೆ. ಸುಣ್ಣ ದುಬಾರಿಯ ವಸ್ತುವಲ್ಲ. ಗೋಡೆಯ ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡುವುದರಿಂದ ಇಟ್ಟಿಗೆ ಉಳಿಯುತ್ತದೆಯೇ ಹೊರತು ಹೆಚ್ಚಾಗದು. ಗಾಜಿನ ಮುಖಕ್ಕೆ ಸುರಿಯುವ ಹಣದಲ್ಲಿ ಅಗಲವಾದ ಜಗಲಿಯೊಂದನ್ನು ಕಟ್ಟಬಹುದು.

ಆದುದರಿಂದ ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿ, ಲೋಕೋಪಯೋಗಿ ಇಲಾಖೆಗಳ ಮುಂದೆ ನಾನು ಇಡುವ ಬೇಡಿಕೆಗಳು ಕೆಲವೇ. ರಾಜಧಾನಿಯಿಂದ ಬಂದ ಮಾದರಿ ನಕ್ಷೆಯನ್ನು ನಿವೇಶನದ ಬಿಸಿಲು ಗಾಳಿಗಳೊಡನೆ ಹೋಲಿಸಿ ನೋಡದೆ ಅಡಿಗಲ್ಲು ಹಾಕಕೂಡದು. ಸಾರ್ವಜನಿಕ ಕಟ್ಟಡ ಯಾವುದೇ ಆಗಲಿ, ಕಾಯುವವರಿಗೆ ನೆರಳು, ಆಸನ, ಕುಡಿಯುವ ನೀರು ಇವು ನಕ್ಷೆಯ ಭಾಗವಾಗಿರಬೇಕು. ಆಮೇಲೆ ಹೊದಿಸುವ ತಗಡಿನ ಚಪ್ಪರವಾಗಬಾರದು. ಶಾಲೆ ಕಾಲೇಜುಗಳ ಮೇಲಂತಸ್ತಿನ ತಾರಸಿಗೆ ಬಿಸಿಲ ತಡೆ ಕಡ್ಡಾಯವಾಗಬೇಕು. ನಕ್ಷೆ ಒಪ್ಪಿತವಾಗುವ ಮೊದಲು ಅದನ್ನು ಊರಿನವರ ಮುಂದೆ, ಅವರಿಗೆ ತಿಳಿಯುವ ಕನ್ನಡದಲ್ಲಿ, ಇಡಬೇಕು. ಉಳಿದಿರುವ ಹಳೆಯ ಮಾಳಿಗೆ ಮನೆಗಳ ಅಳತೆಯನ್ನೂ ಅವುಗಳ ಭಾಗಗಳ ಹೆಸರುಗಳನ್ನೂ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಂದ ದಾಖಲೆ ಮಾಡಿಸಬೇಕು. ಬೋದಿಗೆ, ಜಂತೆ, ಅಂಕಣ ಎಂಬ ಮಾತುಗಳು ಮರೆಯಾದ ದಿನ ಆ ಕಟ್ಟಡಗಳ ವಿವೇಕವೂ ಮರೆಯಾಗುವುದು.

ಊರು ಎಂಬುದು ನಾವು ನೋಡುವ ಚಿತ್ರವಲ್ಲ, ನಾವು ತೊಡುವ ಬಟ್ಟೆ. ಬೇರೆಯವರ ಅಳತೆಗೆ ಹೊಲಿದ ಬಟ್ಟೆ ಎಷ್ಟೇ ಬೆಲೆಯುಳ್ಳದ್ದಾಗಲಿ, ತೊಟ್ಟವನನ್ನು ಚೆಲುವನನ್ನಾಗಿ ಮಾಡದು, ನಡೆಯಲೂ ಬಿಡದು. ನಮ್ಮ ಐದು ಊರುಗಳು ಬೆಳೆಯಲಿ, ಬೇಗನೆ ಬೆಳೆಯಲಿ. ಆದರೆ ತಮ್ಮ ಬಿಸಿಲಿಗೆ, ತಮ್ಮ ಗಾಳಿಗೆ, ತಮ್ಮ ಜನಕ್ಕೆ ಒಪ್ಪುವಂತೆ ಬೆಳೆಯಲಿ. ಹಾಗೆ ಬೆಳೆದಾಗ ಅವುಗಳ ಚೆಲುವನ್ನು ಹೊರಗಿನಿಂದ ಬಂದವರು ತಾವಾಗಿಯೇ ಕಂಡು ಒಪ್ಪಿಯಾರು.